ಜಾಲತಾಣದ ದಣಿವಿನ ಮಾಪನಿ ಕನ್ನಡಕ್ಕೆ ಒಗ್ಗುವುದು ಹೇಗೆ?

ಸಾಮಾಜಿಕ ಜಾಲತಾಣಗಳ ಎಡೆಬಿಡದ ಬಳಕೆ ತರುವ ದಣಿವನ್ನು ಅಳೆಯುವ ಪ್ರಯತ್ನ ತೀರ ಈಚಿನದು. ಮಾಹಿತಿಯ ಹೊರೆ ಮಿತಿಮೀರಿದಾಗ ಬಳಕೆದಾರರು ಜಾಲತಾಣದಿಂದ ಹಿಂದೆ ಸರಿಯುವ ಪ್ರವೃತ್ತಿಯನ್ನು ಅಮೆರಿಕದ ಬ್ರೈಟ್ ಮತ್ತು ಸಂಗಡಿಗರು 2015ರಲ್ಲಿ ಅಧ್ಯಯನ ಮಾಡಿದರು. 2021ರಲ್ಲಿ ಚೀನಾದ ಸಂಶೋಧಕರು ಈ ದಣಿವನ್ನು ಆಲೋಚನೆ, ಭಾವನೆ, ವರ್ತನೆ ಎಂಬ ಮೂರು ಆಯಾಮಗಳಲ್ಲಿ ಅಳೆಯುವ ಮಾಪನಿಯೊಂದನ್ನು, ಅಂದರೆ ಉತ್ತರಗಳಿಗೆ ಅಂಕ ನೀಡುವ ಪ್ರಶ್ನಾವಳಿಯೊಂದನ್ನು, ಪ್ರಕಟಿಸಿದರು. ಇಂಥದ್ದನ್ನು ಕನ್ನಡಿಗರಿಗೆ ಒಗ್ಗಿಸಲು ಹೊರಡುವವರು ಮೊದಲು ನಮ್ಮಲ್ಲೇ ಇರುವ ಹಳೆಯ ಪರಂಪರೆಯನ್ನು ಗಮನಿಸಬೇಕು ಎಂಬುದು ನನ್ನ ಅಭಿಪ್ರಾಯ.

ಮಕ್ಕಳ ಬುದ್ಧಿಶಕ್ತಿಯನ್ನು ಅಳೆಯಲು ಫ್ರಾನ್ಸಿನ ಬಿನೆ ಮತ್ತು ಸಿಮೋನ್ 1905ರಲ್ಲಿ ರೂಪಿಸಿದ ಪರೀಕ್ಷೆಯನ್ನು ಅಮೆರಿಕದ ಟರ್ಮನ್ 1916ರಲ್ಲಿ ಪರಿಷ್ಕರಿಸಿದರು. 1930ರ ದಶಕದಲ್ಲಿ ವಿ.ವಿ. ಕಾಮತ್ ಅದನ್ನು ಮುಂಬಯಿ-ಕರ್ನಾಟಕ ಪ್ರಾಂತದ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಅಳವಡಿಸಿದರು. ಇಲ್ಲಿನ ಮಕ್ಕಳ ಉತ್ತರಗಳನ್ನೇ ಆಧಾರವಾಗಿಟ್ಟುಕೊಂಡ ಆ ಬಿನೆ-ಕಾಮತ್ ಪರೀಕ್ಷೆ ಇಂದಿಗೂ ದೇಶದ ಹಲವು ಚಿಕಿತ್ಸಾಲಯಗಳಲ್ಲಿ ಬಳಕೆಯಲ್ಲಿದೆ. ಇತ್ತ ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಮನೋವಿಜ್ಞಾನ ವಿಭಾಗವನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಮನೋವಿಜ್ಞಾನಿ ಸ್ಪಿಯರ್‌ಮನ್ ಅವರ ಬಳಿ ಕಲಿತವರು. ದಣಿವಿನ ಮೂರು ಆಯಾಮಗಳು ಹೊಸ ಸಮುದಾಯದಲ್ಲೂ ಮೂರಾಗಿಯೇ ಉಳಿಯುತ್ತವೆಯೇ ಎಂದು ಇಂದು ಪರೀಕ್ಷಿಸುವುದು ಅಂಶ ವಿಶ್ಲೇಷಣೆಯಿಂದ, ಅಂದರೆ ಯಾವ ಯಾವ ಹೇಳಿಕೆಗಳ ಉತ್ತರಗಳು ಒಟ್ಟೊಟ್ಟಿಗೆ ಏರಿಳಿಯುತ್ತವೆ ಎಂದು ನೋಡುವ ಲೆಕ್ಕಾಚಾರದಿಂದ. ಅದರ ಮೂಲ ಅದೇ ಸ್ಪಿಯರ್‌ಮನ್ 1904ರಲ್ಲಿ ಮಂಡಿಸಿದ ವಿಧಾನದಲ್ಲಿದೆ.

'ಪೂರ್ಣ ಒಪ್ಪುತ್ತೇನೆ'ಯಿಂದ 'ಒಪ್ಪುವುದೇ ಇಲ್ಲ' ಎಂಬವರೆಗಿನ ಐದು ಹಂತದ ಉತ್ತರ ಕ್ರಮ ಇಂಥ ಪ್ರಶ್ನಾವಳಿಗಳಿಗೆ 1932ರಲ್ಲಿ ಅಮೆರಿಕದ ಮನೋವಿಜ್ಞಾನಿ ಲಿಕರ್ಟ್ ಅವರಿಂದ ಬಂತು. ಅನುವಾದವನ್ನು ಇನ್ನೊಬ್ಬರಿಂದ ಮೂಲಭಾಷೆಗೆ ಮರಳಿಸಿ ತಾಳೆ ನೋಡುವ ಕ್ರಮವನ್ನು ಬ್ರಿಸ್ಲಿನ್ 1970ರಲ್ಲಿ ವಿವರಿಸಿದರು. ಇದು ಅಗತ್ಯವಾದ ಹೆಜ್ಜೆಯೇ ಹೌದು, ಆದರೆ ಇದರಲ್ಲಿ ಸಿಕ್ಕಿಬೀಳದ ದೋಷಗಳೇ ಹೆಚ್ಚು ತೊಂದರೆ ಕೊಡುತ್ತವೆ.

'ಬೇಸರವಾದಾಗ ನಾನು ಗುಂಪಿನಿಂದ ಹೊರಬರುತ್ತೇನೆ' ಎಂಬ ಹೇಳಿಕೆಯನ್ನೇ ತೆಗೆದುಕೊಳ್ಳೋಣ. ವಾಕ್ಯದಲ್ಲಿ ಯಾವ ತೊಡಕೂ ಇಲ್ಲ. ಆದರೆ ಮಾವ, ಅತ್ತೆ, ನಾದಿನಿ, ಚಿಕ್ಕಪ್ಪಂದಿರೆಲ್ಲ ಇರುವ ಮನೆಮಂದಿಯ ವಾಟ್ಸ್‌ಆ್ಯಪ್ ಗುಂಪಿನಿಂದ ಸೊಸೆಯೊಬ್ಬಳು ಹೊರಬಂದರೆ ಅದು ದಣಿವಿನ ಲಕ್ಷಣವೆನಿಸದೆ ಮುನಿಸು ಎನಿಸಿಕೊಳ್ಳುತ್ತದೆ. ಆಕೆ ಗುಂಪನ್ನು ಮ್ಯೂಟ್ ಮಾಡುತ್ತಾಳೆ, ಶುಭೋದಯದ ಚಿತ್ರಗಳನ್ನು ನೋಡದೆಯೇ ಅಳಿಸುತ್ತಾಳೆ, ಹುಟ್ಟುಹಬ್ಬದ ದಿನ ಮಾತ್ರ ಒಂದು ಹಾರೈಕೆ ಕಳಿಸುತ್ತಾಳೆ. ಪ್ರಶ್ನಾವಳಿಯಲ್ಲಿ 'ಒಪ್ಪುವುದೇ ಇಲ್ಲ' ಎಂದು ಗುರುತು ಹಾಕಿದ ಆಕೆಯ ದಣಿವಿನ ಅಂಕ ಕಡಿಮೆಯೇ ಬರುತ್ತದೆ. ಆದ್ದರಿಂದಲೇ ಕೆಲವರನ್ನು ಎದುರಿಗೆ ಕೂರಿಸಿಕೊಂಡು, ಪ್ರತಿ ಹೇಳಿಕೆಯನ್ನೂ ಅವರು ಏನೆಂದು ತಿಳಿದು ಉತ್ತರಿಸಿದರು ಎಂದು ಕೇಳುವ ಹಂತವನ್ನು ಯಾವ ಕಾರಣಕ್ಕೂ ಕೈಬಿಡಬಾರದು. ಅನಂತರವಷ್ಟೇ ದೊಡ್ಡ ಸಂಖ್ಯೆಯ ಜನರ ಮೇಲೆ ವಿಶ್ವಸನೀಯತೆ (ಅಂಕಗಳು ಸ್ಥಿರವಾಗಿ ಬರುತ್ತವೆಯೇ) ಮತ್ತು ಸಪ್ರಮಾಣತೆಯ (ಅಳೆಯಬೇಕಾದ್ದನ್ನೇ ಅಳೆಯುತ್ತದೆಯೇ) ಪರೀಕ್ಷೆ.

ಇದರ ಅಗತ್ಯವೂ ಸಣ್ಣದಲ್ಲ. ಭಾರತದ ಹದಿಹರೆಯದವರನ್ನು ಕುರಿತು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಜಾಲತಾಣದ ಗೀಳು ದಣಿವಿಗೂ, ದಣಿವು ಆತಂಕ ಮತ್ತು ಖಿನ್ನತೆಗೂ ನಂಟು ಹೊಂದಿರುವುದನ್ನು ತೋರಿಸಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಅತಿಬಳಕೆಗೆಂದೇ ತೆರೆದ ಶಟ್ ಕ್ಲಿನಿಕ್ 2014ರಿಂದ ನಡೆಯುತ್ತಿದೆ. ಇಂಥಲ್ಲಿಗೆ ಬರುವ ಹುಡುಗನ ಅಂಕ ಹೆಚ್ಚೋ ಕಡಿಮೆಯೋ ಎಂದು ಹೇಳಲು ಅವನದೇ ವಯಸ್ಸಿನ, ಅವನದೇ ಭಾಷೆಯ ಮಕ್ಕಳಿಂದ ಪಡೆದ ಮಾನಕಗಳು, ಅಂದರೆ ಹೋಲಿಸಿ ನೋಡಲು ಆಧಾರವಾಗುವ ಅಂಕಗಳು, ಬೇಕು. ಬೇರೆ ದೇಶದ ಸರಾಸರಿಯನ್ನು ಎರವಲು ತಂದು ಅದನ್ನು ನಿರ್ಧರಿಸಲಾಗದು.