ಚದರದ ರೇಟಿಗೂ ಮೊದಲು ಕೇಳಬೇಕಾದ್ದು

ದಾವಣಗೆರೆಯಾಗಲಿ, ಚಿತ್ರದುರ್ಗವಾಗಲಿ, ಮನೆಗೆ ಆರ್‌ಸಿಸಿ, ಅಂದರೆ ಕಂಬಿ ಕಟ್ಟಿದ ಕಾಂಕ್ರೀಟಿನ ಚಾವಣಿ (ಸ್ಲ್ಯಾಬು) ಹಾಕಿಸುವ ಮಾತು ಬಂದರೆ ಮೊದಲ ಪ್ರಶ್ನೆ ‘ಚದರಕ್ಕೆ (ನೂರು ಚದರಡಿಗೆ) ಎಷ್ಟು?’ ಎಂಬುದೇ. ಆ ರೇಟಿನೊಳಗೆ ಏನೇನಿದೆ ಎಂದು ಬಿಡಿಸಿ ಕೇಳುವವರು ಕಡಿಮೆ. ಮೂವರು ಗುತ್ತಿಗೆದಾರರು ಮೂರು ರೇಟು ಹೇಳಿದರೆ ಮೊದಲು ಸ್ಲ್ಯಾಬಿನ ದಪ್ಪ ಕೇಳಿ. ಸಾವಿರ ಚದರಡಿಗೆ 5 ಇಂಚು ದಪ್ಪ ಹಾಕಿದರೆ ಸುಮಾರು 417 ಘನ ಅಡಿ ಕಾಂಕ್ರೀಟು, 1:1.5:3 (ಸಿಮೆಂಟು, ಮರಳು, ಜಲ್ಲಿ) ಮಿಶ್ರಣಕ್ಕೆ 95 ಚೀಲದಷ್ಟು ಸಿಮೆಂಟು ಬೇಕು. ನಾಲ್ಕೂವರೆ ಇಂಚಿಗೆ ಇಳಿಸಿದರೆ ಒಂಬತ್ತು–ಹತ್ತು ಚೀಲ ಉಳಿಯುತ್ತದೆ. ಪ್ಲಾಸ್ಟರ್ ಆದ ಮೇಲೆ ಆ ಅರ್ಧ ಇಂಚನ್ನು ಯಾರು ಅಳೆಯುತ್ತಾರೆ? ದಪ್ಪ, ಕಂಬಿಯ ಗಾತ್ರ, ಕಂಬಿಯಿಂದ ಕಂಬಿಗೆ ಇರುವ ಅಂತರ, ಮೂರನ್ನೂ ಎಂಜಿನಿಯರ್ ಕೊಟ್ಟ ಡ್ರಾಯಿಂಗ್ ಪ್ರಕಾರ ಕರಾರಿನಲ್ಲಿ ಬರೆಸಿ. ಕಾಂಕ್ರೀಟು ಹಾಕುವ ದಿನ ಗುರುತು ಮಾಡಿದ ಸಣ್ಣ ಕಂಬಿಯನ್ನು ಹಸಿ ಕಾಂಕ್ರೀಟಿಗೆ ಅಲ್ಲಲ್ಲಿ ಚುಚ್ಚಿ ನೋಡಿದರೆ ಸಾಕು.

ಹಳೆಯ ಕೆಲಸ ತೋರಿಸಿ ಎಂದರೆ ಬಣ್ಣ ಬಳಿದ ಮನೆಯ ಮುಂದೆ ನಿಲ್ಲಿಸುತ್ತಾರೆ. ಅದರಿಂದ ತಿಳಿಯುವುದು ಬಣ್ಣದವನ ಕೈಚಳಕ ಮಾತ್ರ. ಸೆಂಟ್ರಿಂಗ್ (ಕಾಂಕ್ರೀಟು ಗಟ್ಟಿಯಾಗುವವರೆಗೆ ಹೊರುವ ಹಲಗೆ, ಕಂಬ) ಬಿಚ್ಚಿ ಇನ್ನೂ ಪ್ಲಾಸ್ಟರ್ ಆಗದ ಮನೆ ತೋರಿಸಲು ಹೇಳಿ, ತಲೆಯೆತ್ತಿ ಸ್ಲ್ಯಾಬಿನ ಅಡಿಭಾಗ ನೋಡಿ. ಜಲ್ಲಿ ಹಲ್ಲು ಕಿರಿದುಕೊಂಡಿದ್ದರೆ ಹಸಿ ಕಾಂಕ್ರೀಟನ್ನು ಅದುರಿಸಿ ಕೂರಿಸುವ ವೈಬ್ರೇಟರ್ ಸರಿಯಾಗಿ ಆಡಿಲ್ಲ. ಕಂಬಿ ಕಾಣುತ್ತಿದ್ದರೆ ಅದನ್ನು ಹಲಗೆಯಿಂದ ಎತ್ತಿ ಹಿಡಿಯುವ ಕವರ್ ಬ್ಲಾಕ್ ಇಟ್ಟಿಲ್ಲ. ಕಂಬಿಯ ಕೆಳಗೆ 20 ಮಿ.ಮೀ. ಕಾಂಕ್ರೀಟು ಇರಲೇಬೇಕು; ಕೈಗೆ ಸಿಕ್ಕ ಜಲ್ಲಿಕಲ್ಲು ಇಟ್ಟರೆ ತುಳಿತಕ್ಕೆ ಅದು ಸರಿದು ಕಂಬಿ ಹಲಗೆಗೆ ಕೂರುತ್ತದೆ. ಆಮೇಲೆ ತುಕ್ಕು ಹಿಡಿದು ಉಬ್ಬಿ, ಚಾವಣಿ ಚಕ್ಕೆ ಚಕ್ಕೆಯಾಗಿ ಉದುರುತ್ತದೆ.

ಇನ್ನೊಂದು ಪ್ರಶ್ನೆ ಕೇಳಿ: ‘ಬಾಲ್ಕನಿಗೆ ಮುಖ್ಯ ಕಂಬಿ ಮೇಲೆ ಬರುತ್ತೋ, ಕೆಳಗೋ?’ ಗೋಡೆಯಿಂದ ಆಚೆ ಚಾಚಿದ ಬಾಲ್ಕನಿ, ಸಜ್ಜಾಗಳಿಗೆ ಎಳೆತ ಬೀಳುವುದು ಮೇಲ್ಮುಖದಲ್ಲಿ, ಹಾಗಾಗಿ ಕಂಬಿ ಮೇಲೆಯೇ ಇರಬೇಕು. ‘ಮೇಲೆ’ ಎಂದರಷ್ಟೇ ಸಾಲದು. ಬಾಂಡ್ಲಿ ಹೊತ್ತವರು ಅದನ್ನೇ ತುಳಿದು ಓಡಾಡುವಾಗ ಕಂಬಿ ಕುಸಿಯದಂತೆ ಏನು ಮಾಡುತ್ತೀರಿ ಎಂದೂ ಕೇಳಿ. ಬಲ್ಲವನಾದರೆ ಮೇಲಿನ ಕಂಬಿಯನ್ನು ಎತ್ತಿ ಹಿಡಿಯಲು ಕಂಬಿಯ ಚೇರ್, ಓಡಾಟಕ್ಕೆ ಹಲಗೆ ಎನ್ನುತ್ತಾನೆ. ‘ಅದೆಲ್ಲ ನಮ್ಮ ಹುಡುಗರು ನೋಡ್ಕೋತಾರೆ ಬಿಡಿ ಸಾರ್’ ಎಂದರೆ ಬೇರೆಯವರನ್ನು ಹುಡುಕಿ.

ಇನ್ನು ನೀರು. ಸಿಮೆಂಟಿನ ಚೀಲಕ್ಕೆ 27 ಲೀಟರಿಗಿಂತ ಹೆಚ್ಚು ನೀರು ಬೇಡ. ಮರಳು ಒದ್ದೆಯಿದ್ದರೆ ಇನ್ನೂ ಕಡಿಮೆ. ಕಾಂಕ್ರೀಟು ಸಲೀಸಾಗಿ ಹರಿಯಲಿ ಎಂದು ಮಿಕ್ಸರಿಗೆ ಇನ್ನೊಂದು ಬಕೆಟ್ ಸುರಿಯುವುದು ಎಲ್ಲ ಕಡೆಯ ಚಾಳಿ. ಬೋರಿನ ನೀರು ಬಾಯಿಗೆ ಉಪ್ಪೆನಿಸಿದರೆ ಪರೀಕ್ಷೆ ಮಾಡಿಸದೆ ಬಳಸಬೇಡಿ.

ಆಮೇಲೆ ಗಾಳಿ. ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ತಿರುಗಿಸುವ ಒಣಗಾಳಿಯೇ ನಿಮ್ಮ ಹಸಿ ಸ್ಲ್ಯಾಬಿನ ನೀರನ್ನೂ ಹೀರುತ್ತದೆ. ಯುಗಾದಿ ಕಳೆದ ಬಿಸಿಲಿನಲ್ಲಂತೂ ಕೆಲವೇ ಗಂಟೆಗಳಲ್ಲಿ ಕೂದಲೆಳೆ ಬಿರುಕು ಬಿಡುತ್ತದೆ. ಬೆಳಗ್ಗೆ ಬೇಗ ಶುರುಮಾಡಿ, ಮುಗಿದ ಕಡೆ ಮುಗಿದಂತೆ ಹಸಿ ಗೋಣಿತಾಟು ಹೊದಿಸುವ ಗುತ್ತಿಗೆದಾರ ಸಿಗುವುದು ಅಪರೂಪ. ಸಿಕ್ಕರೆ ಚದರಕ್ಕೆ ನಾಲ್ಕು ಕಾಸು ಹೆಚ್ಚಾದರೂ ಬಿಡಬೇಡಿ. ಮರುದಿನದಿಂದ ಮಡಿ ಕಟ್ಟಿ ನೀರು ನಿಲ್ಲಿಸಬೇಕು. ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟಾದರೆ, ನಮ್ಮ ಬಿಸಿಲಿಗೆ, 14 ದಿನ. ಆ ನೀರುಣಿಸುವ ಹೊಣೆ ಯಾರದು ಎಂಬುದು ಕರಾರಿನಲ್ಲಿ ಇರಲಿ, ಇಲ್ಲದಿದ್ದರೆ ಅವರು ನಿಮ್ಮ ಮೇಲೆ, ನೀವು ಅವರ ಮೇಲೆ ಹಾಕಿ ಸ್ಲ್ಯಾಬು ಒಣಗುತ್ತದೆ.

ಹಲಗೆ, ಜಾಕು ಬಾಡಿಗೆಯವು, ಇನ್ನೊಂದು ಸೈಟ್ ಕಾಯುತ್ತಿರುತ್ತದೆ. ಬೇಗ ಬಿಚ್ಚುವ ಆತುರ ಅದಕ್ಕೇ. ಹದಿನೈದು ಅಡಿಯೊಳಗಿನ ಕೋಣೆಗೆ 7 ದಿನ, ಅದಕ್ಕಿಂತ ದೊಡ್ಡದಕ್ಕೆ 14 ದಿನ ಆಧಾರದ ಕಂಬ ನಿಲ್ಲಬೇಕೆನ್ನುವುದು ಮಾಮೂಲಿ ಸಿಮೆಂಟಿನ ಲೆಕ್ಕ. ಪಿಪಿಸಿಗೆ ಇನ್ನಷ್ಟು ದಿನ ಬಿಡಿ. ಕಾಂಕ್ರೀಟು ಹಾಕಿದ ದಿನವೇ ಪೂರ್ತಿ ಹಣ ಎಣಿಸಿಕೊಟ್ಟರೆ ಈ ದಿನಗಳನ್ನು ಯಾರೂ ಎಣಿಸುವುದಿಲ್ಲ. ಒಂದು ಪಾಲು ಸೆಂಟ್ರಿಂಗ್ ಬಿಚ್ಚಿ ಅಡಿಭಾಗ ನೋಡಿದ ಮೇಲೆ ಎಂದು ಮೊದಲೇ ಮಾತಾಡಿಕೊಳ್ಳಿ.