ಟ್ರೈಲರ್ ದೀಪದ ವೈರಿಂಗ್: ನಾಲ್ಕು ತಂತಿ, ಐದು ಕೆಲಸ

ಪಿಕಪ್‌ಗೆ ಟ್ರೈಲರ್ ಕನೆಕ್ಟರ್ ಕೂರಿಸುವುದನ್ನು ಕಲಿಯುವಾಗ ಎಲ್ಲರೂ ಮೊದಲು ತಂತಿಯ ಬಣ್ಣಗಳನ್ನು ಬಾಯಿಪಾಠ ಮಾಡುತ್ತೇವೆ. ಜೋಡಿಸುವುದಕ್ಕೆ ಅಷ್ಟು ಸಾಕು. ದೀಪ ಹತ್ತದೆ ಹೋದಾಗ ಮಾತ್ರ ಬಣ್ಣದ ಪಟ್ಟಿ ಉಪಯೋಗಕ್ಕೆ ಬರುವುದಿಲ್ಲ, ಕರೆಂಟು ಹೋಗುವ ದಾರಿ, ವಾಪಸ್ಸು ಬರುವ ದಾರಿ ಎರಡೂ ಗೊತ್ತಿರಬೇಕು.

ಉತ್ತರ ಅಮೆರಿಕದಲ್ಲಿ ಹೆಚ್ಚು ಬಳಕೆಯಲ್ಲಿರುವ 4 ಪಿನ್ನಿನ ಚಪ್ಪಟೆ ಕನೆಕ್ಟರನ್ನೇ ತೆಗೆದುಕೊಳ್ಳಿ. ಬಿಳಿ ಅರ್ತ್, ಅಂದರೆ ಕರೆಂಟು ವಾಪಸ್ಸು ಹೋಗುವ ದಾರಿ, ಕಂದು ಹಿಂದಿನ ಪಾರ್ಕಿಂಗ್ ದೀಪಕ್ಕೆ, ಹಳದಿ ಎಡಕ್ಕೆ, ಹಸಿರು ಬಲಕ್ಕೆ. ಹಾಗಾದರೆ ಬ್ರೇಕ್ ಲೈಟಿನ ತಂತಿ ಎಲ್ಲಿ? ಅದಕ್ಕೆ ಬೇರೆ ತಂತಿಯೇ ಇಲ್ಲ. ಬ್ರೇಕ್ ತುಳಿದರೆ ಹಳದಿ, ಹಸಿರು ಎರಡರಲ್ಲೂ ಕರೆಂಟು ಬಂದು ಎರಡು ದೀಪವೂ ಒಂದೇ ಸಮನೆ ಉರಿಯುತ್ತವೆ. ಬ್ರೇಕ್ ಬಿಡದೆ ಎಡ ಇಂಡಿಕೇಟರ್ ಹಾಕಿದರೆ ಹಳದಿ ಮಿಣುಕುತ್ತದೆ, ಹಸಿರು ಹಾಗೇ ಉರಿಯುತ್ತಿರುತ್ತದೆ. ಒಂದೇ ಬಲ್ಬಿನಿಂದ ಎರಡು ಕೆಲಸ ತೆಗೆಯುವ ಉಪಾಯ ಇದು.

ತೊಡಕೂ ಇಲ್ಲಿಂದಲೇ ಶುರು. ಕೆಲವು ಗಾಡಿಗಳಲ್ಲಿ ಬ್ರೇಕಿಗೆ ಕೆಂಪು, ಇಂಡಿಕೇಟರಿಗೆ ಕಿತ್ತಳೆ ಎಂದು ಬೇರೆ ಬೇರೆ ಬಲ್ಬುಗಳಿರುತ್ತವೆ. ಅಂಥ ಗಾಡಿಯ ಮೂರು ಸಿಗ್ನಲ್ಲನ್ನು ಟ್ರೈಲರಿನ ಎರಡು ತಂತಿಗೆ ಇಳಿಸಲು ಕನ್ವರ್ಟರ್ ಡಬ್ಬಿ ಬೇಕು. ಬ್ಯಾಟರಿಯಿಂದ ನೇರವಾಗಿ ಕರೆಂಟು ಪಡೆಯುವ ಕನ್ವರ್ಟರನ್ನೇ ನಾನು ಆರಿಸುತ್ತೇನೆ. ಅದು ಗಾಡಿಯ ದೀಪದ ತಂತಿಯಿಂದ ಬರೀ ಸುಳಿವು ಪಡೆಯುತ್ತದೆ, ಟ್ರೈಲರ್ ಬಲ್ಬುಗಳ ಹೊರೆ ಗಾಡಿಯ ಸರ್ಕ್ಯೂಟಿನ ಮೇಲೆ ಬೀಳುವುದಿಲ್ಲ. ಅದರ ಫ್ಯೂಸನ್ನು ಎಲ್ಲ ಜೋಡಣೆ ಮುಗಿದ ಮೇಲೆಯೇ ಹಾಕಿ.

ಕನೆಕ್ಟರಿನ ಆಕಾರವನ್ನೂ ಗಮನಿಸಿ ನೋಡಿ. ಗಾಡಿಯ ಕಡೆಯ ತುಂಡಿನಲ್ಲಿ ಮೂರು ಪಿನ್ನು ರಬ್ಬರಿನೊಳಗೆ ಅಡಗಿವೆ, ಒಂದು ಮಾತ್ರ ಬರಿದಾಗಿ ಹೊರಗಿದೆ. ಆ ಬರಿಯ ಪಿನ್ನು ಅರ್ತ್. ಕರೆಂಟು ಬರುವ ಪಿನ್ನುಗಳು ಮುಚ್ಚಿರುವುದರಿಂದ ಕನೆಕ್ಟರ್ ಬಂಪರಿಗೆ ತಗುಲಿದರೂ ಶಾರ್ಟ್ ಆಗದು. ಟ್ರೈಲರ್ ಕಡೆಯ ತುಂಡು ಇದಕ್ಕೆ ತದ್ವಿರುದ್ಧ.

ಈಗ ಆ ಬಿಳಿ ತಂತಿ. ದೀಪದ ಗೋಳುಗಳಲ್ಲಿ ಬಹುಪಾಲಿನ ಮೂಲ ಇದೇ, ಆದರೂ ಎಲ್ಲರೂ ಕೊನೆಗೆ ನೋಡುವುದು ಇದನ್ನೇ. ಟ್ರೈಲರ್ ಕೊಂಡಿ ಕಬ್ಬಿಣದ್ದು, ಅದರ ಮೂಲಕವೇ ಅರ್ತ್ ಸಿಗುತ್ತದೆ ಎಂದು ನಂಬಬೇಡಿ. ಅಲ್ಲಿ ಗ್ರೀಸು, ತುಕ್ಕು, ಬಣ್ಣ ಎಲ್ಲವೂ ಇರುತ್ತವೆ. ನಿಂತಲ್ಲಿ ಉರಿದ ದೀಪ ಗಾಡಿ ಕುಲುಕಿದಾಗ ಆರಿಹೋಗುತ್ತದೆ. ಬಿಳಿ ತಂತಿಯ ತುದಿಗೆ ಥಿಂಬಲ್ (ಬೋಲ್ಟ್ ತೂರುವ ಲೋಹದ ಬಳೆ) ಹಾಕಿ ಅದುಮಿ ಕ್ರಿಂಪ್ ಮಾಡಿ, ಚಾಸಿಯ (ಗಾಡಿಯ ಲೋಹದ ಚೌಕಟ್ಟಿನ) ಬಣ್ಣ ಕೆರೆದು, ಹೊಳೆಯುವ ಲೋಹಕ್ಕೆ ಬೋಲ್ಟ್ ಹಾಕಿ ಬಿಗಿಯಬೇಕು. ಟ್ರೈಲರ್ ಕಡೆಯಲ್ಲೂ ಅಷ್ಟೇ. ಅರ್ತ್ ಕಡಿದಾಗ ಕರೆಂಟು ಸುಮ್ಮನಿರದೆ ಬೇರೆ ಬಲ್ಬುಗಳ ಫಿಲಮೆಂಟ್ ಮೂಲಕ ವಾಪಸ್ಸು ಹೋಗಲು ನೋಡುತ್ತದೆ. ಎಡ ಇಂಡಿಕೇಟರ್ ಹಾಕಿದರೆ ಎಲ್ಲ ದೀಪಗಳೂ ಮಂಕಾಗಿ ಮಿಣುಕುವ ಚೋದ್ಯ ಕಂಡರೆ ಬೇರೇನೂ ಬಿಚ್ಚಬೇಡಿ, ನೇರ ಬಿಳಿ ತಂತಿಗೆ ಹೋಗಿ.

ಜೋಡಿಸುವ ಕೆಲಸ ಸುಲಭ. ಬ್ಯಾಟರಿಯ ನೆಗೆಟಿವ್ ಕಳಚಿ, ಹಿಂದಿನ ದೀಪವನ್ನು ಬಿಚ್ಚಿ. ಆ ಗಾಡಿಗೆಂದೇ ಮಾಡಿದ ಟಿ ಆಕಾರದ ಕನೆಕ್ಟರ್ ಸಿಕ್ಕರೆ ತಂತಿ ಕತ್ತರಿಸುವ ಗೋಜೇ ಇಲ್ಲ, ಮಧ್ಯಕ್ಕೆ ಸಿಕ್ಕಿಸಿದರಾಯಿತು. ಕತ್ತರಿಸಲೇಬೇಕಾದರೆ ಬಣ್ಣ ನಂಬದೆ ಕರೆಂಟು ಅಳೆಯುವ ಮಲ್ಟಿಮೀಟರಿನಿಂದ ತಂತಿ ಗುರುತಿಸಿ, ಬಿಸಿಗೆ ಕುಗ್ಗುವ ಕೊಳವೆಯಿರುವ ಜಾಯಿಂಟ್ ಹಾಕಿ. ಬರೀ ತಿರುಚಿ ಟೇಪು ಸುತ್ತಿದ್ದು ಒಂದು ಮಳೆಗಾಲವೂ ಬಾಳದು. ತಂತಿ ಸೈಲೆನ್ಸರಿನಿಂದ ದೂರವಿರಲಿ.

7 ಪಿನ್ನಿನ ದುಂಡು ಸಾಕೆಟ್ಟಿನಲ್ಲಿ ಟ್ರೈಲರಿನ ಎಲೆಕ್ಟ್ರಿಕ್ ಬ್ರೇಕು, 12 ವೋಲ್ಟಿನ ಬ್ಯಾಟರಿ ಕರೆಂಟು, ರಿವರ್ಸ್ ದೀಪ ಇವು ಹೆಚ್ಚುವರಿ. ಬ್ರೇಕಿನ ನೀಲಿ ತಂತಿ ಎಳೆದರೆ ಸಾಲದು, ಕ್ಯಾಬಿನ್ನಿನಲ್ಲಿ ಟ್ರೈಲರ್ ಬ್ರೇಕಿಗೆ ಕರೆಂಟು ಕಳಿಸುವ ಬ್ರೇಕ್ ಕಂಟ್ರೋಲರ್ ಇದ್ದರೆ ಮಾತ್ರ ಅದರಲ್ಲಿ ಜೀವ.

ಪರೀಕ್ಷೆಯನ್ನು ಟ್ರೈಲರ್ ಸಿಕ್ಕಿಸುವ ಮೊದಲೇ ಮಾಡಿ. ಬ್ಯಾಟರಿ ಜೋಡಿಸಿ, ಮೀಟರಿನ ಒಂದು ಮೊನೆಯನ್ನು ಕನೆಕ್ಟರಿನ ಬರಿಯ ಪಿನ್ನಿಗೇ ಇಡಿ, ಚಾಸಿಗಲ್ಲ. ಚಾಸಿಗೆ ಇಟ್ಟರೆ ನಿಮ್ಮ ಅರ್ತ್ ಪರೀಕ್ಷೆಯಾಗುವುದೇ ಇಲ್ಲ. ಇಲ್ಲಿ ಎಲ್ಲ ಸರಿಯಿದ್ದು ಟ್ರೈಲರ್ ಹಾಕಿದ ಮೇಲೆ ಕೆಟ್ಟರೆ, ತಪ್ಪನ್ನು ಟ್ರೈಲರಿನಲ್ಲಿ ಹುಡುಕಿ.