ಟ್ರಿಪಲ್-ಎಯಲ್ಲಿ ದಂಡಿಯಾಗಿ ಹೊಡೆಯುತ್ತಿರುವ ಹುಡುಗನನ್ನು ಯಾಕೆ ಮೇಲೆ ಕರೆಸುವುದಿಲ್ಲ?

ಓದುಗರ ಪ್ರಶ್ನೆ: “ನಮ್ಮ ತಂಡದ ಥರ್ಡ್ ಬೇಸ್‌ಮನ್ ಎರಡು ತಿಂಗಳಿಂದ .200ರ ಆಸುಪಾಸಿನಲ್ಲೇ ತೆವಳುತ್ತಿದ್ದಾನೆ. ಕೆಳಗೆ ಟ್ರಿಪಲ್-ಎಯಲ್ಲಿ 22 ವರ್ಷದ ಹುಡುಗ .330 ಹೊಡೆಯುತ್ತಿದ್ದಾನೆ. ಅವನನ್ನು ಕರೆಸಿಕೊಳ್ಳುವುದಕ್ಕೆ ಇವರಿಗೇನು ರೋಗ?”

ಬೇಸ್‌ಬಾಲ್ ಹುಚ್ಚು ಹತ್ತಿದ ಎರಡನೇ ವರ್ಷಕ್ಕೆ ಎಲ್ಲರೂ ಕೇಳುವ ಪ್ರಶ್ನೆ ಇದು. (ಟ್ರಿಪಲ್-ಎ ಅಂದರೆ ಮೇಜರ್ ಲೀಗಿಗೆ ಒಂದೇ ಮೆಟ್ಟಿಲು ಕೆಳಗಿನ ಮೈನರ್ ಲೀಗು; .330 ಅಂದರೆ ನೂರು ಸಲ ಬ್ಯಾಟ್ ಹಿಡಿದರೆ 33 ಹಿಟ್.) ಬೈಗುಳ ಸಾಮಾನ್ಯವಾಗಿ ಮ್ಯಾನೇಜರನ ತಲೆಗೆ ಬೀಳುತ್ತದೆ. ಪಾಪ, ಆತ ಆ ದಿನದ ಬ್ಯಾಟಿಂಗ್ ಕ್ರಮ ಬರೆಯುವವನು, ಯಾರನ್ನು ಕರೆಸಬೇಕು ಎಂದು ತೀರ್ಮಾನಿಸುವುದು ಫ್ರಂಟ್ ಆಫೀಸು, ಅಂದರೆ ತಂಡದ ಆಡಳಿತ. ಆ ತೀರ್ಮಾನದ ಕಾರಣವನ್ನು ಹುಡುಗನ ಬ್ಯಾಟಿನಲ್ಲಿ ಹುಡುಕಿದರೆ ಅರ್ಧ ಸಲ ಸಿಗುವುದಿಲ್ಲ. ಕ್ಯಾಲೆಂಡರಿನಲ್ಲಿ ಸಿಗುತ್ತದೆ, ಇಲ್ಲವೇ 40 ಜನರ ರೋಸ್ಟರ್ ಪಟ್ಟಿಯಲ್ಲಿ.

ಮೊದಲು ಏಣಿಯ ವಿಚಾರ. ಮೇಜರ್ ಲೀಗಿನ 30 ತಂಡಗಳಿಗೂ 2021ರಿಂದ ತಲಾ ನಾಲ್ಕು ಮೈನರ್ ಲೀಗ್ ತಂಡಗಳಿವೆ, ಒಟ್ಟು 120. ಬೇ ಏರಿಯಾದಲ್ಲಿರುವ ಕನ್ನಡಿಗರಿಗೆ ಇದು ಮನೆ ಬಾಗಿಲಲ್ಲೇ ಕಾಣುತ್ತದೆ. ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್‌ನ ಸಿಂಗಲ್-ಎ ತಂಡ ಸ್ಯಾನ್ ಹೋಸೆಯಲ್ಲಿ ಆಡುತ್ತದೆ. ಅಲ್ಲಿಂದ ಹೈ-ಎಗೆ ಯೂಜೀನ್, ಡಬಲ್-ಎಗೆ ರಿಚ್ಮಂಡ್, ಟ್ರಿಪಲ್-ಎಗೆ ಸ್ಯಾಕ್ರಮೆಂಟೊ. ಈ ಕೆಳಗಿನ ತಂಡಗಳ ಸ್ಥಳೀಯ ಮಾಲೀಕ ಟಿಕೆಟ್, ಬಿಯರು, ಟೋಪಿ ಮಾರಿಕೊಳ್ಳುತ್ತಾನೆ. ಆಟಗಾರರ ಸಂಬಳ, ಕೋಚುಗಳ ನೇಮಕ, ಯಾರು ಎಷ್ಟು ಎಸೆಯಬೇಕು ಎನ್ನುವುದೆಲ್ಲ ಮೇಲಿನ ತಂಡದ ಕೈಯಲ್ಲಿ. ಹಾಗಾಗಿ ಸ್ಯಾಕ್ರಮೆಂಟೊ ಗೆದ್ದಿತೋ ಸೋತಿತೋ ಎಂದು ಫ್ರಂಟ್ ಆಫೀಸಿನಲ್ಲಿ ಯಾರೂ ನಿದ್ದೆಗೆಡುವುದಿಲ್ಲ.

ನಮ್ಮ ರಣಜಿಗೆ ಹೋಲಿಸುವ ಆಸೆ ಸಹಜ. 2017-18ರ ರಣಜಿಯಲ್ಲಿ ಮಯಾಂಕ್ ಅಗರ್ವಾಲ್ 1,160 ರನ್ ಹೊಡೆದೂ ಟೆಸ್ಟ್ ಕ್ಯಾಪ್‌ಗೆ 2018ರ ಡಿಸೆಂಬರಿನ ಮೆಲ್ಬರ್ನ್‌ವರೆಗೆ ಕಾದರು, ಆಗಲೂ ನಾವೆಲ್ಲ ಹೀಗೇ ಕೂಗಾಡಿದ್ದೆವು. ಆದರೆ ಅಲ್ಲಿ ಕಾಯಿಸಿದ್ದರಿಂದ ಆಯ್ಕೆಗಾರರಿಗೆ ಒಂದು ಪೈಸೆ ಉಳಿಯಲಿಲ್ಲ. ಅಮೆರಿಕದಲ್ಲಿ ಕಾಯಿಸಿದರೆ ದುಡ್ಡು ಉಳಿಯುತ್ತದೆ, ಅದೂ ಕೋಟಿಗಳಲ್ಲಿ.

ಅದು ಹೇಗೆಂದರೆ, ಆಟಗಾರ ಮೇಜರ್ ಲೀಗ್ ರೋಸ್ಟರಿನಲ್ಲಿದ್ದ ಪ್ರತಿ ದಿನವೂ ಎಣಿಕೆಯಾಗುತ್ತದೆ. ಇದಕ್ಕೆ ಸರ್ವೀಸ್ ಟೈಮ್ ಎನ್ನುತ್ತಾರೆ. ಸೀಸನ್ ಸುಮಾರು 187 ದಿನ, ಅದರಲ್ಲಿ 172 ದಿನ ಆದರೆ ಒಂದು ವರ್ಷ ಎಂದು ಲೆಕ್ಕ. ಮೊದಲ ಮೂರು ವರ್ಷ ತಂಡ ಕೊಟ್ಟಷ್ಟು ಸಂಬಳ, ಸಾಮಾನ್ಯವಾಗಿ ಕನಿಷ್ಠ ವೇತನಕ್ಕೆ ಹತ್ತಿರದ್ದು. ಮುಂದಿನ ಮೂರು ವರ್ಷ ಆರ್ಬಿಟ್ರೇಷನ್, ಅಂದರೆ ಒಪ್ಪಂದಕ್ಕೆ ಬಾರದಿದ್ದರೆ ಮಧ್ಯಸ್ಥರು ಸಂಬಳ ನಿರ್ಧರಿಸುತ್ತಾರೆ. ಆರು ವರ್ಷ ತುಂಬಿದರೆ ಫ್ರೀ ಏಜೆಂಟ್, ಯಾವ ತಂಡಕ್ಕೆ ಬೇಕಾದರೂ ಹೋಗಬಹುದು. ಈಗ ಲೆಕ್ಕ ಹಾಕಿ. ಹುಡುಗನನ್ನು ಮೊದಲ ವರ್ಷ 172ರ ಬದಲು 171 ದಿನ ಇಟ್ಟುಕೊಂಡರೆ ಆ ವರ್ಷ ಪೂರ್ತಿಯಾಗುವುದಿಲ್ಲ, ಆರಕ್ಕೆ ಬದಲು ಏಳು ಸೀಸನ್ ಅವನು ನಿಮ್ಮವನೇ.

171 ಎನ್ನುವುದು ಸುಮ್ಮನೆ ಹೇಳಿದ ಸಂಖ್ಯೆಯಲ್ಲ. 2015ರಲ್ಲಿ ಶಿಕಾಗೊ ಕಬ್ಸ್‌ನ ಕ್ರಿಸ್ ಬ್ರಯಾಂಟ್ ವಸಂತದ ಅಭ್ಯಾಸ ಪಂದ್ಯಗಳಲ್ಲಿ 9 ಹೋಮ್ ರನ್ ಹೊಡೆದ. ಫೀಲ್ಡಿಂಗ್ ಇನ್ನೂ ಪಳಗಬೇಕು ಎಂದು ತಂಡ ಅವನನ್ನು ಟ್ರಿಪಲ್-ಎಗೆ ಕಳುಹಿಸಿತು. ಆ ಸೀಸನ್ ಏಪ್ರಿಲ್ 5ರಿಂದ ಅಕ್ಟೋಬರ್ 4ರವರೆಗೆ, 183 ದಿನ. ಅವನನ್ನು ಕರೆಸಿದ್ದು ಏಪ್ರಿಲ್ 17ಕ್ಕೆ. ಬೆರಳಲ್ಲಿ ಎಣಿಸಿ ನೋಡಿ: ಏಪ್ರಿಲ್‌ನಲ್ಲಿ 14, ಮೇ 31, ಜೂನ್ 30, ಜುಲೈ 31, ಆಗಸ್ಟ್ 31, ಸೆಪ್ಟೆಂಬರ್ 30, ಅಕ್ಟೋಬರ್ 4. ಕೂಡಿದರೆ 171. ಎರಡು ವಾರದೊಳಗೇ ಅದೆಂಥ ಫೀಲ್ಡಿಂಗ್ ಪಳಗಿತೋ, ಕಬ್ಸ್‌ನವರಿಗೇ ಗೊತ್ತು. ಆ ವರ್ಷದ ರೂಕಿ ಆಫ್ ದಿ ಇಯರ್ (ಅತ್ಯುತ್ತಮ ಹೊಸಬ) ಅವನೇ, ಮರುವರ್ಷ ಎಂವಿಪಿಯೂ (ಲೀಗಿನ ಅತ್ಯಮೂಲ್ಯ ಆಟಗಾರ) ಅವನೇ. ಅವನ ಪರವಾಗಿ ಸಲ್ಲಿಸಿದ ದೂರು 2020ರಲ್ಲಿ ಬಿದ್ದುಹೋಯಿತು. ನಿಯಮದ ಪ್ರಕಾರ ತಂಡ ತಪ್ಪು ಮಾಡಿರಲಿಲ್ಲ, ನಿಯಮವೇ ಹಾಗಿತ್ತು. ಹಾಗೆ ಗಿಟ್ಟಿಸಿಕೊಂಡ ಏಳನೇ ವರ್ಷದ ಗತಿ ಏನಾಯಿತು? 2021ರ ಜುಲೈ ಕೊನೆಯಲ್ಲಿ ಕಬ್ಸ್ ಅವನನ್ನು ಜೈಂಟ್ಸ್‌ಗೆ ದಾಟಿಸಿತು.

ಇಂಥ ಆಟ ತಡೆಯಲೆಂದೇ ತಂಡಗಳಿಗೂ ಆಟಗಾರರ ಯೂನಿಯನ್ನಿಗೂ ಆದ 2022ರ ಒಪ್ಪಂದದಲ್ಲಿ ಎರಡು ನಿಯಮ ಸೇರಿದವು. ರ‍್ಯಾಂಕಿಂಗ್ ಪಟ್ಟಿಗಳಲ್ಲಿ ಮೊದಲ 100ರೊಳಗಿರುವ ಹುಡುಗನನ್ನು ಆರಂಭದಿಂದಲೇ ಆಡಿಸಿ ಅವನಿಗೆ ಪೂರ್ತಿ ವರ್ಷ ಸಿಕ್ಕಿ, ಅವನು ರೂಕಿ ಆಫ್ ದಿ ಇಯರ್ ಆದರೆ ತಂಡಕ್ಕೆ ಮುಂದಿನ ಡ್ರಾಫ್ಟ್‌ನಲ್ಲಿ ಒಂದು ಹೆಚ್ಚುವರಿ ಪಿಕ್; ಡ್ರಾಫ್ಟ್ ಅಂದರೆ ತಂಡಗಳು ಹೊಸ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುವುದು, ಪಿಕ್ ಅಂದರೆ ಅದರಲ್ಲಿ ಒಂದು ಸರದಿ. ಹೂಲಿಯೊ ರೊಡ್ರಿಗೆಸ್‌ನನ್ನು 2022ರ ಮೊದಲ ದಿನದಿಂದಲೇ ಆಡಿಸಿದ ಸಿಯಾಟಲ್ ಮ್ಯಾರಿನರ್ಸ್‌ಗೆ 2023ರಲ್ಲಿ ಅದು ದಕ್ಕಿತು. ಎರಡನೆಯದು ಆಟಗಾರನ ಪರವಾಗಿದೆ: ತಡವಾಗಿ ಬಂದರೂ ಆ ಪ್ರಶಸ್ತಿಯ ಮತದಾನದಲ್ಲಿ ಮೊದಲೆರಡು ಸ್ಥಾನದಲ್ಲಿದ್ದರೆ ಪೂರ್ತಿ ವರ್ಷ ಕೊಡಲೇಬೇಕು.

ಪಿಟ್ಸ್‌ಬರ್ಗ್ ಪೈರೇಟ್ಸ್ ಈ ಎರಡರ ಮಧ್ಯೆ ಸಿಕ್ಕಿಬಿದ್ದಿತು. 2023ರ ಡ್ರಾಫ್ಟ್‌ನ ಮೊದಲ ಆಯ್ಕೆ ಪಿಚರ್ ಪಾಲ್ ಸ್ಕೀನ್ಸ್. 2024ರಲ್ಲಿ ಟ್ರಿಪಲ್-ಎ ಇಂಡಿಯಾನಾಪೊಲಿಸ್‌ನಲ್ಲಿ 7 ಪಂದ್ಯ, 27 ಚಿಲ್ಲರೆ ಇನ್ನಿಂಗ್ಸ್, 45 ಸ್ಟ್ರೈಕ್‌ಔಟ್, ಇಆರ್‌ಎ 0.99. (ಸ್ಟ್ರೈಕ್‌ಔಟ್ ಅಂದರೆ ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟಾಗುವುದು; ಇಆರ್‌ಎ ಅಂದರೆ ಒಂಬತ್ತು ಇನ್ನಿಂಗ್ಸ್‌ಗೆ ಪಿಚರ್ ಬಿಟ್ಟುಕೊಡುವ ಸರಾಸರಿ ರನ್.) ಕರೆಸಿದ್ದು ಮೇ 11ಕ್ಕೆ. ಅವನು ರೂಕಿ ಆಫ್ ದಿ ಇಯರ್ ಆದ, ಪೂರ್ತಿ ವರ್ಷ ಅವನಿಗೆ ಸಿಕ್ಕಿತು. ಶುರುವಿನಿಂದ ಇರಲಿಲ್ಲವಾದ್ದರಿಂದ ತಂಡಕ್ಕೆ ಪಿಕ್ ಸಿಗಲಿಲ್ಲ. ಕಾಲೇಜಿನಿಂದ ಬಂದ ಮರುವರ್ಷವೇ ತೋಳಿನ ಮೇಲೆ ಹೊರೆ ಬೀಳಬಾರದು, ಇನ್ನಿಂಗ್ಸ್ ನಿಧಾನವಾಗಿ ಏರಿಸಬೇಕು ಎಂಬ ತಂಡದ ಕಾರಣ ಸುಳ್ಳೆಂದು ಹೇಳಲಾಗದು. ಪಿಚರ್‌ಗಳ ವಿಷಯದಲ್ಲಿ ಅದು ನಿಜವಾದ ಚಿಂತೆ. ಆದರೆ ಅದೇ ಕೆಲವೇ ಇನ್ನಿಂಗ್ಸ್‌ಗಳನ್ನು ಪಿಟ್ಸ್‌ಬರ್ಗ್‌ನಲ್ಲೇ ಎಸೆಸಬಹುದಿತ್ತಲ್ಲ.

ಕರೆ ಜೂನ್ ಮಧ್ಯದವರೆಗೂ ಬರದಿದ್ದರೆ ಬೇರೊಂದು ಲೆಕ್ಕ ನಡೆಯುತ್ತಿರಬಹುದು. ಅದರ ಹೆಸರು ಸೂಪರ್ ಟೂ. ಸರ್ವೀಸ್ ಟೈಮ್ ಎರಡರಿಂದ ಮೂರು ವರ್ಷದ ನಡುವೆ ಇರುವ ಆಟಗಾರರಲ್ಲಿ ಹೆಚ್ಚು ದಿನ ಕಳೆದ 22 ಶೇಕಡ ಮಂದಿಗೆ ಒಂದು ವರ್ಷ ಮೊದಲೇ ಆರ್ಬಿಟ್ರೇಷನ್ ಸಿಗುತ್ತದೆ. ಈ ಗೆರೆ ವರ್ಷವರ್ಷ ಬದಲಾಗುತ್ತದೆ, ಸುಮಾರಾಗಿ 2 ವರ್ಷ 115ರಿಂದ 140 ದಿನದ ಒಳಗೆ. ಬ್ರಯಾಂಟ್‌ನ ಹಾಗೆ ಎರಡು ವಾರ ಕಾಯಿಸಿ ಒಂದು ಇಡೀ ಸೀಸನ್ ಗಳಿಸುವುದರಲ್ಲಿ ಕ್ರೂರವಾದರೂ ಒಂದು ತರ್ಕವಿದೆ. ಕೆಲವು ಮಿಲಿಯನ್ ಡಾಲರ್ ಉಳಿಸಲು, ಪ್ಲೇಆಫ್‌ಗೆ ಪೈಪೋಟಿ ಇರುವಾಗ, ಎರಡೂವರೆ ತಿಂಗಳು ಒಳ್ಳೆಯ ಆಟಗಾರನನ್ನು ಹೊರಗಿಡುವುದು ಶುದ್ಧ ಜಿಪುಣತನ. ಬೈಯಬೇಕಾದರೆ ಅಲ್ಲಿ ಬೈಯಿರಿ.

ದುಡ್ಡಿನ ಮಾತು ಬಿಟ್ಟರೂ ಜಾಗದ ಮಾತು ಬಿಡುವಂತಿಲ್ಲ. ಆಡುವ ಪಟ್ಟಿ 26 ಜನ, ಸೆಪ್ಟೆಂಬರಿನಲ್ಲಿ 28. ಅದರ ಹಿಂದೆ 40 ಜನರ ಪಟ್ಟಿ. ಮೇಲೆ ಆಡಬೇಕಾದರೆ ಆ 40ರಲ್ಲಿ ಹೆಸರಿರಲೇಬೇಕು. ಟ್ರಿಪಲ್-ಎಯಲ್ಲಿರುವ ಹುಡುಗರಲ್ಲಿ ಅನೇಕರಿಗೆ ಅದಿಲ್ಲ. ಅವರನ್ನು ಸೇರಿಸಲು ಇನ್ನೊಬ್ಬನನ್ನು ತೆಗೆಯಬೇಕು. 60 ದಿನದ ಗಾಯಾಳು ಪಟ್ಟಿಗೆ ಯಾರಾದರೂ ಹೋದರೆ ಜಾಗ ತಾನಾಗಿ ಖಾಲಿಯಾಗುತ್ತದೆ. ಇಲ್ಲದಿದ್ದರೆ ಯಾರನ್ನಾದರೂ ಡಿಎಫ್‌ಎ ಮಾಡಬೇಕು: ಹೆಸರು ಅಂದೇ ಪಟ್ಟಿಯಿಂದ ಹೋಗುತ್ತದೆ, 7 ದಿನದೊಳಗೆ ಟ್ರೇಡ್ ಮಾಡಬೇಕು, ಬಿಡುಗಡೆ ಮಾಡಬೇಕು, ಇಲ್ಲವೇ ವೇವರ್‌ಗೆ ಹಾಕಬೇಕು. ವೇವರ್‌ಗೆ ಬಿದ್ದವನನ್ನು ಉಳಿದ 29 ತಂಡಗಳಲ್ಲಿ ಯಾವುದಾದರೂ ಕೇಳಿದರೆ ಅವನು ಹೋದ ಹಾಗೇ.

ಇನ್ನು ನಿಮ್ಮ .200ರ ಥರ್ಡ್ ಬೇಸ್‌ಮನ್. ಅವನನ್ನು ಯಾಕೆ ಕೆಳಗೆ ಕಳುಹಿಸುತ್ತಿಲ್ಲ? ಮೊದಲು ಅವನ ಆಪ್ಷನ್ ನೋಡಿ. 40ರ ಪಟ್ಟಿಯಲ್ಲಿ ಇರುವವನನ್ನು ವೇವರ್ ಇಲ್ಲದೆ ಕೆಳಗೆ ಕಳುಹಿಸಲು ಸಾಮಾನ್ಯವಾಗಿ ಮೂರು ಆಪ್ಷನ್ ವರ್ಷಗಳಿರುತ್ತವೆ. ಒಂದು ಸೀಸನ್ನಿನಲ್ಲಿ 20 ದಿನ ಕೆಳಗೆ ಕಳೆದರೆ ಒಂದು ಆಪ್ಷನ್ ಖರ್ಚು. 2022ರಿಂದ ಒಂದೇ ಸೀಸನ್ನಿನಲ್ಲಿ ಐದು ಸಲಕ್ಕಿಂತ ಹೆಚ್ಚು ಕಳುಹಿಸುವಂತಿಲ್ಲ. ಕಳುಹಿಸಿದವನು ಬ್ಯಾಟರ್ ಆದರೆ 10 ದಿನ, ಪಿಚರ್ ಆದರೆ 15 ದಿನ ಕಳೆಯದೆ ವಾಪಸು ಕರೆಯುವಂತಿಲ್ಲ, ಗಾಯಗೊಂಡವನ ಬದಲಿಗೆ ಕರೆದರೆ ಮಾತ್ರ ವಿನಾಯಿತಿ. ಆಪ್ಷನ್ ಮುಗಿದವನು ಕೆಳಗಿಳಿಯಬೇಕಾದರೆ ವೇವರ್ ದಾಟಬೇಕು. ತಂಡಕ್ಕೆ ಅವನ ಮೇಲೆ ಇನ್ನೂ ಚೂರು ಆಸೆ ಇದ್ದರೆ, ಆಪ್ಷನ್ ಇರುವ ಹುಡುಗನೇ ಕಾಯಬೇಕಾಗುತ್ತದೆ. ನಾವು ನೋಡಿದಂತೆ ಅಭಿಮಾನಿಗಳ ಸಿಟ್ಟಿಗೆ ಗುರಿಯಾಗುವ ತೀರ್ಮಾನಗಳಲ್ಲಿ ಅತಿ ಹೆಚ್ಚಿನವು ಈ ಒಂದೇ ಕಾರಣದ್ದು.

ಈಗ ಆ .330. ಅದನ್ನು ಅಷ್ಟು ಸುಲಭಕ್ಕೆ ನಂಬಬೇಡಿ. ಪೆಸಿಫಿಕ್ ಕೋಸ್ಟ್ ಲೀಗಿನ ಆಲ್ಬುಕರ್ಕಿ ಸಮುದ್ರಮಟ್ಟದಿಂದ 5,000 ಅಡಿಗೂ ಮೇಲಿದೆ. ರೀನೊ, ಸಾಲ್ಟ್ ಲೇಕ್ ಎರಡೂ 4,000 ದಾಟಿದವು. ತೆಳು ಗಾಳಿಯಲ್ಲಿ ಚೆಂಡು ದೂರ ಹಾರುತ್ತದೆ, ಕರ್ವ್‌ಬಾಲ್ ಸರಿಯಾಗಿ ತಿರುಗುವುದಿಲ್ಲ. ಅಲ್ಲದೆ ಟ್ರಿಪಲ್-ಎಯಲ್ಲಿ ನಿಜವಾಗಿ ಚೆನ್ನಾಗಿ ಎಸೆಯುವ ಪಿಚರ್ ಅಲ್ಲಿ ಹೆಚ್ಚು ದಿನ ಇರುವುದಿಲ್ಲ, ಮೇಲೆ ಹೋಗಿಬಿಡುತ್ತಾನೆ. ಉಳಿಯುವವರಲ್ಲಿ ಎಷ್ಟೋ ಜನ 28-30 ವರ್ಷದ, ನಾಲ್ಕು ತಂಡ ಸುತ್ತಿ ಬಂದವರು. ಆದ್ದರಿಂದ ಸರಾಸರಿ ಬದಿಗಿಟ್ಟು ಸ್ಟ್ರೈಕ್‌ಔಟ್ ಶೇಕಡ ನೋಡಿ. 20ರ ಆಸುಪಾಸಿನಲ್ಲಿದ್ದರೆ ನಿರಾಳ. ಟ್ರಿಪಲ್-ಎಯಲ್ಲೇ 30 ಮುಟ್ಟಿದ್ದರೆ ಮೇಲೆ ಇನ್ನೂ ಏರುತ್ತದೆ ಎಂದುಕೊಳ್ಳಿ. ಆಮೇಲೆ ವಯಸ್ಸು: 21ಕ್ಕೆ .280 ಹೊಡೆಯುವವನು 26ಕ್ಕೆ .330 ಹೊಡೆಯುವವನಿಗಿಂತ ಸಾಮಾನ್ಯವಾಗಿ ದೊಡ್ಡ ಆಟಗಾರನಾಗುತ್ತಾನೆ. ಮೂರನೆಯದಾಗಿ ತವರಿನ ಮತ್ತು ಹೊರಗಿನ ಅಂಕಿಗಳನ್ನು ಬೇರೆಬೇರೆ ಮಾಡಿ. ಮನೆಯಲ್ಲಿ ಹುಲಿ, ಹೊರಗೆ ಇಲಿ ಆಗಿದ್ದರೆ ಹೊಡೆಯುತ್ತಿರುವುದು ಮೈದಾನ.

ಅಂಕಿಗಳೆಲ್ಲ ಸರಿ ಇದ್ದೂ ಎಡವುವುದುಂಟು. ಜ್ಯಾಕ್ಸನ್ ಹಾಲಿಡೇ 2022ರ ಡ್ರಾಫ್ಟ್‌ನ ಮೊದಲ ಆಯ್ಕೆ, ಟ್ರಿಪಲ್-ಎ ನಾರ್ಫೋಕ್‌ನಲ್ಲಿ .333 ಹೊಡೆಯುತ್ತಿದ್ದವನನ್ನು ಬಾಲ್ಟಿಮೋರ್ ಓರಿಯೋಲ್ಸ್ 2024ರ ಏಪ್ರಿಲ್ 10ರಂದು ಕರೆಸಿತು. ಜನ ಕುಣಿದರು. ಹತ್ತು ಪಂದ್ಯ, 34 ಅಟ್-ಬ್ಯಾಟ್ (ಬ್ಯಾಟಿಂಗ್ ಸರದಿ), 2 ಹಿಟ್, 18 ಸ್ಟ್ರೈಕ್‌ಔಟ್. ಏಪ್ರಿಲ್ 26ಕ್ಕೆ ಮತ್ತೆ ನಾರ್ಫೋಕ್, ತಿರುಗಿ ಬಂದದ್ದು ಜುಲೈ 31ಕ್ಕೆ. ಆಗ ಅವನಿಗೆ 20 ವರ್ಷ. ಹಾಗೆಂದು ಒಂದು ಸೋಲು ಕಂಡ ಮಾತ್ರಕ್ಕೆ ಹುಡುಗನ ಕಥೆ ಮುಗಿಯಿತೆನ್ನುವುದೂ ಸಲ್ಲದು. ಮೈಕ್ ಟ್ರೌಟ್ 2011ರಲ್ಲಿ ಬಂದು 40 ಪಂದ್ಯಗಳಲ್ಲಿ .220 ಹೊಡೆದವನು, ಮರುವರ್ಷ ಅವನೇ ರೂಕಿ ಆಫ್ ದಿ ಇಯರ್.

ಕೆಲವು ತಂಡಗಳು ದಿನದ ಲೆಕ್ಕವನ್ನೇ ಬದಿಗಿಟ್ಟು ಮೊದಲೇ ದೀರ್ಘ ಒಪ್ಪಂದ ಬರೆಸಿಕೊಳ್ಳುತ್ತವೆ. ಮಿಲ್ವಾಕಿ ಬ್ರೂವರ್ಸ್ ಒಂದೂ ಮೇಜರ್ ಲೀಗ್ ಪಂದ್ಯ ಆಡದ ಜ್ಯಾಕ್ಸನ್ ಚೂರಿಯೊಗೆ 2023ರ ಡಿಸೆಂಬರಿನಲ್ಲಿ 8 ವರ್ಷಕ್ಕೆ 8.2 ಕೋಟಿ ಡಾಲರ್ ಬರೆದುಕೊಟ್ಟಿತು. ಹಾಗೆ ಸಹಿ ಬಿದ್ದರೆ ಹುಡುಗ ಏಪ್ರಿಲ್ ಒಂದಕ್ಕೇ ಮೈದಾನದಲ್ಲಿರುತ್ತಾನೆ, ಫೀಲ್ಡಿಂಗ್ ಪಳಗಬೇಕು ಎಂಬ ಮಾತೇ ಬರುವುದಿಲ್ಲ. ಗಮನಿಸಿ.

ತಡ ಮಾಡುತ್ತಾ ಕೂರಲು ತಂಡಕ್ಕೂ ಒಂದು ಗಡುವಿದೆ. 18 ಅಥವಾ ಅದಕ್ಕೂ ಮೊದಲು ಸಹಿ ಮಾಡಿದವನನ್ನು ಐದು ಸೀಸನ್ ಒಳಗೆ, 19 ಅಥವಾ ಮೇಲ್ಪಟ್ಟು ಸಹಿ ಮಾಡಿದವನನ್ನು ನಾಲ್ಕರೊಳಗೆ 40ರ ಪಟ್ಟಿಗೆ ಸೇರಿಸಬೇಕು. ಇಲ್ಲದಿದ್ದರೆ ಡಿಸೆಂಬರಿನ ರೂಲ್ 5 ಡ್ರಾಫ್ಟ್‌ನಲ್ಲಿ ಬೇರೆ ತಂಡ 1 ಲಕ್ಷ ಡಾಲರ್ ಕೊಟ್ಟು ಎತ್ತಿಕೊಂಡು ಹೋಗಬಹುದು. ಎತ್ತಿಕೊಂಡವರು ಅವನನ್ನು ಇಡೀ ಸೀಸನ್ 26ರ ಪಟ್ಟಿಯಲ್ಲಿ ಇಟ್ಟುಕೊಳ್ಳಬೇಕು. ಆಗದಿದ್ದರೆ, ವೇವರ್‌ನಲ್ಲಿ ಬೇರೆ ಯಾರೂ ಕೇಳದಿದ್ದಾಗ, ಹಳೆಯ ತಂಡ ಅರ್ಧ ಬೆಲೆಗೆ ವಾಪಸು ಪಡೆಯಬಹುದು. ಬ್ರೂಕ್ಲಿನ್ ಡಾಡ್ಜರ್ಸ್ ಬಚ್ಚಿಟ್ಟಿದ್ದ ರೊಬೆರ್ಟೊ ಕ್ಲೆಮೆಂಟೆಯನ್ನು 1954ರಲ್ಲಿ ಪೈರೇಟ್ಸ್ ಹಾರಿಸಿಕೊಂಡು ಹೋದದ್ದು ಇದೇ ದಾರಿಯಲ್ಲಿ. ನವೆಂಬರ್ ಬಂತೆಂದರೆ ನಿಮ್ಮ ತಂಡ ಯಾರನ್ನು 40ಕ್ಕೆ ಸೇರಿಸಿತು, ಯಾರನ್ನು ಬಿಟ್ಟಿತು ಎಂದು ನೋಡಿ. ಪತ್ರಿಕಾಗೋಷ್ಠಿಯ ಹೊಗಳಿಕೆಗಿಂತ ಆ ಪಟ್ಟಿ ಹೆಚ್ಚು ಸತ್ಯ ಹೇಳುತ್ತದೆ.

ಕಾಯುವ ಹುಡುಗನ ಜೇಬಿನ ಕಥೆ ಹೀಗಿದೆ. ಮೈನರ್ ಲೀಗ್ ಆಟಗಾರರು 2022ರಲ್ಲಿ ಯೂನಿಯನ್ ಸೇರಿ 2023ರಲ್ಲಿ ಮಾಡಿಕೊಂಡ ಮೊದಲ ಒಪ್ಪಂದದಂತೆ ಆ ವರ್ಷ ಟ್ರಿಪಲ್-ಎ ಕನಿಷ್ಠ ಸಂಬಳ 35,800 ಡಾಲರ್ ಆಯಿತು. ಮೊದಲು ಅದು 17,500 ಇತ್ತು. ಅದೇ 2023ರಲ್ಲಿ ಮೇಜರ್ ಲೀಗ್ ಕನಿಷ್ಠ 7,20,000 ಡಾಲರ್, 186 ದಿನಕ್ಕೆ ಹಂಚಿದರೆ ದಿನಕ್ಕೆ 3,870. ಕೆಳಗೆ ವರ್ಷವಿಡೀ ದುಡಿದದ್ದು ಮೇಲೆ ಹತ್ತು ದಿನ ತುಂಬುವ ಮೊದಲೇ ಕೈಗೆ ಬರುತ್ತದೆ. ಮೇಜರ್ ಲೀಗ್ ಆಟಗಾರರು ತಂಡಗಳ ಜೊತೆ ಮಾಡಿಕೊಂಡ 2022ರ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುವಂಥದ್ದು. ಅದರ ಜಾಗಕ್ಕೆ ಬರುವ ಒಪ್ಪಂದದಲ್ಲಿ 172 ಎಂಬ ಸಂಖ್ಯೆ ಉಳಿಯುತ್ತದೋ ಇಲ್ಲವೋ ನೋಡಿ, ಆಮೇಲೆ ಹೊಸ ಲೆಕ್ಕ ಹಾಕಬೇಕು.